ಕಾಣಿಕೆ ಚೀಲ, ಕೂಗುವ ಡಬ್ಬಿ, ಬೆಂಚಿನ ಬಿಲ್ಲೆ: ಒಂದು ವರ್ಷ ಬಳಸಿದ ಮೇಲೆ

ಮೊದಲು ಆ ಭಾನುವಾರದ ಕಥೆ ಹೇಳಿಬಿಡುತ್ತೇನೆ, ಸಾಮಾನಿನ ವಿಚಾರ ಆಮೇಲೆ.

ನಮ್ಮ ಚರ್ಚಿನ ಆರಾಧನೆಯಲ್ಲಿ ಪಾಪದ ಅರಿಕೆ ನಡೆಯುತ್ತಿತ್ತು. ಅಯ್ಯನವರು, ಅಂದರೆ ನಮ್ಮ ಪಾದ್ರಿ, ಒಂದು ನಿಮಿಷ ಮೌನವಾಗಿರೋಣ ಅಂದರು. ಎಲ್ಲರ ತಲೆ ಬಗ್ಗಿತು. ಫ್ಯಾನಿನ ಕಿರಕಿರ ಬಿಟ್ಟರೆ ಬೇರೆ ಸದ್ದಿಲ್ಲ. ಅಷ್ಟರಲ್ಲಿ ಬಾಗಿಲ ಪಕ್ಕದ ಮೇಜಿನ ಮೇಲಿಂದ ಒಂದು ಹೆಣ್ಣುದನಿ ಗಟ್ಟಿಯಾಗಿ ಹೇಳಿತು: "ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ."

ಸಂಡೇ ಸ್ಕೂಲ್ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹೊಸ್ತಿಲ ಹತ್ತಿರ ತಡವಾಗಿ ಬಂದ ಒಬ್ಬರು ಮೊಬೈಲ್ ಹಿಡಿದು ನಿಂತಿದ್ದರು. ಆಟೋ ಓಡಿಸುವವರು. ಒಳಗೆ ಬರುವ ಮೊದಲೇ ಕಾಣಿಕೆ ಹಾಕಿಬಿಡೋಣ ಅಂತ ಸ್ಕ್ಯಾನ್ ಮಾಡಿದ್ದರು, ಪಾಪ. ಅವರ ಇಪ್ಪತ್ತು ರೂಪಾಯಿಯನ್ನು ಊರಿಗೆಲ್ಲ ಡಂಗುರ ಸಾರಿದ ಹಾಗಾಯಿತು. ಫೋನಿನಿಂದ ದುಡ್ಡು ಬಂದಾಗಲೆಲ್ಲ ಮೊತ್ತ ಕೂಗುವ ಆ ಡಬ್ಬಿ ತರಿಸಿ ಅಲ್ಲಿ ಇಟ್ಟವಳು ನಾನು. ಆವತ್ತಿನ ಪ್ರಸಂಗ, ಅಂದರೆ ಅಯ್ಯನವರ ಉಪದೇಶ, ಬೈಬಲಿನ ಯಾವ ವಾಕ್ಯದ ಮೇಲಿತ್ತು ಅಂತ ಕೇಳಬೇಡಿ, ನನಗೆ ಒಂದು ಅಕ್ಷರ ನೆನಪಿಲ್ಲ.

ನಾನು ಹಾಸನ ಜಿಲ್ಲೆಯ ಒಂದು ಸಣ್ಣ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಖಜಾಂಚಿ. ಸಭೆ ಅಂದರೆ ಒಂದು ಚರ್ಚಿಗೆ ಸೇರಿದ ಜನ. ಸುಮಾರು 120 ಮನೆ. 31 ವರ್ಷ ಬ್ಯಾಂಕಿನಲ್ಲಿದ್ದೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಯಾಶ್ ಕೌಂಟರಿನಲ್ಲೇ. ರಿಟೈರ್ ಆದ ತಿಂಗಳೇ ಸಭಾ ಸಮಿತಿಯವರು ಈ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ನಮ್ಮ ಹಾಗೆಯೇ ಇದನ್ನೆಲ್ಲ ತರಿಸಬೇಕಾ ಬೇಡವಾ ಅಂತ ಯೋಚಿಸುತ್ತಿರುವ ಸಭೆಗಳು ತುಂಬಾ ಇವೆ. ಮೂರು ಜನ ಖಜಾಂಚಿಗಳು ನನಗೆ ಫೋನ್ ಮಾಡಿ ಕೇಳಿದ್ದಾಯಿತು. ನಾಲ್ಕನೆಯವರಿಗೂ ಅದನ್ನೇ ಹೇಳುವ ಬದಲು ಬರೆದುಬಿಡೋಣ ಅಂತ ಕೂತಿದ್ದೇನೆ. ನಾವು ತರಿಸಿದ್ದು ಮೂರು: ಬ್ಯಾಂಕಿನ ಕ್ಯೂಆರ್ ಮತ್ತು ಅದರ ಜೊತೆಗೆ ಕೂಗುವ ಡಬ್ಬಿ, ಬೆಂಚುಗಳಿಗೆ ಅಂಟಿಸುವ, ಹತ್ತಿರ ಹಿಡಿದ ಫೋನು ಓದಬಲ್ಲ ಚಿಪ್ ಇರುವ ಎನ್‌ಎಫ್‌ಸಿ ಟ್ಯಾಗು, ಆ ಟ್ಯಾಗಿಗೆ ಫೋನ್ ಹಿಡಿದರೆ ತೆರೆಯುವ "ಸಭೆಯ ಪುಟ", ಅದಕ್ಕೆ ತಿಂಗಳ ಚಂದಾ.

ಇದೆಲ್ಲ ಯಾಕೆ ಬೇಕಾಯಿತು ಅಂದರೆ, ಚೀಲ ಹಗುರಾಗುತ್ತಿತ್ತು. ನಮ್ಮದು ಕೆಂಪು ಮಖಮಲ್ ಚೀಲ, ಎರಡು ಕಡೆ ಮರದ ಹಿಡಿ. ಸಾಲಿನಿಂದ ಸಾಲಿಗೆ ಕೈ ಬದಲಾಗುತ್ತಾ ಹೋಗುತ್ತದೆ. ಒಳಗೆ ಏನು ಬಿತ್ತು ಅಂತ ಪಕ್ಕದವರಿಗೂ ಕಾಣುವುದಿಲ್ಲ. ಆದರೆ ದೇಶದಲ್ಲಿ ನಡೆಯುವುದೆಲ್ಲ ಆ ಚೀಲದೊಳಗೆ ಕಾಣುತ್ತದೆ. 2016ರ ನವೆಂಬರ್ 8ರ ಮಂಗಳವಾರ ರಾತ್ರಿ ನೋಟು ರದ್ದಾಯಿತಲ್ಲ, ಮುಂದಿನ ಭಾನುವಾರ ನಮ್ಮ ಚೀಲದಲ್ಲಿ 500, 1000ದ ನೋಟುಗಳು ಕಂಡ ಹಾಗೆ ಹಿಂದೆಂದೂ ಕಂಡಿರಲಿಲ್ಲ. ಎಂಥ ಭಕ್ತಿ! 2023ರ ಮೇ 19ಕ್ಕೆ 2000ದ ನೋಟು ವಾಪಸ್ ಅಂದಾಗ ಇನ್ನೊಂದು ಸಲ ಸಣ್ಣ ಅಲೆ ಬಂತು. ಉಳಿದ ದಿನ 10 ರೂಪಾಯಿ ನಾಣ್ಯ. ನಮ್ಮ ಕಡೆ ಅಂಗಡಿಯವರು ಅದನ್ನು ತಗೊಳ್ಳುವುದಿಲ್ಲ. ಚಲಾವಣೆಯಲ್ಲಿದೆ ಅಂತ ರಿಸರ್ವ್ ಬ್ಯಾಂಕ್ ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ. ಅಂಗಡಿ ಬೇಡ ಅಂದಿದ್ದೆಲ್ಲ ದೇವರಿಗೆ.

ಈಚೆಗೆ ಅದೂ ಕಮ್ಮಿಯಾಯಿತು. ಹುಡುಗರ ಜೇಬಿನಲ್ಲಿ ದುಡ್ಡೇ ಇರುವುದಿಲ್ಲ. ಚಹಾದ ಅಂಗಡಿಗೂ ಫೋನು, ಬಸ್ಸಿಗೂ ಫೋನು. ಚೀಲ ಬಂದಾಗ ಮುಷ್ಟಿ ಕಟ್ಟಿ ಒಳಗೆ ಹಾಕಿ, ಮುಷ್ಟಿ ಬಿಚ್ಚಿದ ಹಾಗೆ ಮಾಡಿ ತೆಗೆಯುತ್ತಾರೆ. ಖಾಲಿ ಮುಷ್ಟಿ. ಕ್ಯಾಶ್ ಕೌಂಟರಿನಲ್ಲಿ ಇಷ್ಟು ವರ್ಷ ಕೂತವಳಿಗೆ ಅದು ಗೊತ್ತಾಗಲ್ವಾ? ಬೈಯುವುದಕ್ಕೂ ಮನಸ್ಸು ಬರಲಿಲ್ಲ. ಕೊಡಬಾರದು ಅಂತ ಅಲ್ಲ, ಕೊಡಲು ಕೈಯಲ್ಲಿ ಇಲ್ಲ, ಅದಕ್ಕೆ ನಾಚಿಕೆ.

ನನ್ನ ತಂಗಿಯ ಮಗಳು ಇಂಗ್ಲೆಂಡಿನಲ್ಲಿ ನರ್ಸ್. ಅವಳ ಹತ್ತಿರ ಈ ಮಾತು ಬಂತು. "ದೊಡ್ಡಮ್ಮಾ, ಇಲ್ಲಿ ಬಾಗಿಲಲ್ಲಿ ಒಂದು ಮಿಷಿನ್ ಇಟ್ಟಿರ್ತಾರೆ, ಫೋನ್ ತೋರಿಸಿದ್ರೆ ಐದು ಪೌಂಡ್ ಹೋಗುತ್ತೆ, ಅಷ್ಟೇ" ಅಂದಳು. ಆಮೇಲೆ ಹುಡುಕಿ ಓದಿದೆ. ಚರ್ಚ್ ಆಫ್ ಇಂಗ್ಲೆಂಡಿನವರು 2017ರಲ್ಲಿ 40 ಚರ್ಚುಗಳಲ್ಲಿ ಪ್ರಯೋಗ ಮಾಡಿ, 2018ರ ಜನವರಿಯಲ್ಲಿ 16,000ಕ್ಕೂ ಜಾಸ್ತಿ ಚರ್ಚುಗಳಿಗೆ ಈ ಮಿಷಿನ್ ಸಿಗುವ ಹಾಗೆ ಮಾಡಿದ್ದರು. ಅಲ್ಲಿ ತಟ್ಟಿದರೆ ದುಡ್ಡೇ ಹೋಗುತ್ತದೆ. ನಮ್ಮ ಬೆಂಚಿನ ಟ್ಯಾಗು ಹಾಗಲ್ಲ. ಅದಕ್ಕೆ ಫೋನ್ ಹಿಡಿದರೆ ಒಂದು ಪುಟ ತೆರೆಯುತ್ತದೆ, ದುಡ್ಡು ಕಳಿಸುವ ಕೆಲಸ ಆಮೇಲೆ ಯುಪಿಐ ಆ್ಯಪ್‌ನಲ್ಲಿ. ಇದನ್ನು ಮೊದಲೇ ತಿಳಿದುಕೊಳ್ಳಿ. ಮಾರುವವರು ಎರಡನ್ನೂ "ಟ್ಯಾಪ್" ಅಂತಲೇ ಕರೆಯುತ್ತಾರೆ. ಯುಪಿಐನಲ್ಲೂ 2023ರ ಸೆಪ್ಟೆಂಬರಿನಲ್ಲಿ ನಿಜವಾದ ಟ್ಯಾಪ್ ಆ್ಯಂಡ್ ಪೇ ಬಂತು. ಆದರೆ ನಮ್ಮ ಸಭೆಯಲ್ಲಿ ಅದನ್ನು ಬಳಸುವ ಒಬ್ಬರನ್ನೂ ನಾನು ನೋಡಿಲ್ಲ.

ಕ್ಯೂಆರ್ ವಿಚಾರ ಬೇಗ ಮುಗಿಸುತ್ತೇನೆ, ಅದು ಎಲ್ಲರಿಗೂ ಗೊತ್ತಿರುವುದೇ. ಕೋವಿಡ್ ಹೊತ್ತಿನಲ್ಲಿ ಚರ್ಚು ಮುಚ್ಚಿದಾಗ ಹಿಂದಿನ ಸಮಿತಿಯವರು ಅವಸರದಲ್ಲಿ ಒಬ್ಬ ಸದಸ್ಯರ ಸ್ವಂತ ನಂಬರಿನ ಕ್ಯೂಆರ್ ಅನ್ನು ವಾಟ್ಸಾಪಿಗೆ ಹಾಕಿದ್ದರು. ಆ ಮನುಷ್ಯರು ಒಳ್ಳೆಯವರು, ಒಂದೊಂದು ರೂಪಾಯಿಗೂ ಲೆಕ್ಕ ಕೊಟ್ಟರು. ಆದರೂ ಅದು ತಪ್ಪು. ಸಭೆಯ ಹೆಸರಿನ ಖಾತೆಗೆ, ಸಮಿತಿಯ ಠರಾವು ಮಾಡಿ, ಪ್ಯಾನ್ ಕೊಟ್ಟು, ಬ್ಯಾಂಕಿನಿಂದಲೇ ಕ್ಯೂಆರ್ ತಗೊಳ್ಳಿ. ಸ್ಕ್ಯಾನ್ ಮಾಡಿದಾಗ ಸಭೆಯ ಹೆಸರು ಬರಬೇಕು, ಯಾರದೋ ಮಗನ ಹೆಸರಲ್ಲ. ಬ್ಯಾಂಕಿನ ಖಾತೆಯಿಂದ ಮಾಡುವ ಯುಪಿಐ ಪಾವತಿಗೆ 2020ರ ಜನವರಿಯಿಂದ ಪಡೆಯುವವರಿಗೆ ಶುಲ್ಕ ಇಲ್ಲ. ಹಾಗಾಗಿ ನೂರು ಕೊಟ್ಟರೆ ನೂರೂ ಬರುತ್ತದೆ. "ದೇಣಿಗೆ ಆ್ಯಪ್" ಅಂತ ಶೇಕಡಾ ಎರಡೋ ಮೂರೋ ಕಡಿದುಕೊಳ್ಳುವವರು ಬಂದರೆ ಕಾಫಿ ಕೊಟ್ಟು ಕಳಿಸಿಬಿಡಿ.

ಡಬ್ಬಿಗೆ ತಿಂಗಳಿಗೆ ನೂರು ರೂಪಾಯಿ ಆಸುಪಾಸು ಬಾಡಿಗೆ. ಅದಕ್ಕೆ ಅದರದೇ ಸಿಮ್ ಇರುತ್ತದೆ, ಕನ್ನಡದಲ್ಲಿ ಹೇಳುತ್ತದೆ. ತರಕಾರಿ ಅಂಗಡಿಗೆ ಇದಕ್ಕಿಂತ ಒಳ್ಳೆಯ ವಸ್ತು ಇಲ್ಲ. ಚರ್ಚಿಗೆ ಇದಕ್ಕಿಂತ ಕೆಟ್ಟದ್ದೂ ಇಲ್ಲ. ಇಪ್ಪತ್ತು ರೂಪಾಯಿಯ ಕಥೆ ಹೇಳಿದೆನಲ್ಲ. ಅದರ ಮುಂದಿನ ವಾರ ಕೀರ್ತನೆಯ ಎರಡು ಚರಣದ ನಡುವೆ "ಐದು ಸಾವಿರ ರೂಪಾಯಿ ಸ್ವೀಕರಿಸಲಾಗಿದೆ" ಅಂತು. ಅರ್ಧ ಸಭೆ ತಿರುಗಿ ನೋಡಿತು. ಕೊಟ್ಟವರು ಕಾಫಿ ತೋಟದವರು, ಸಂಕೋಚದ ಮನುಷ್ಯ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಚಿಕ್ಕಂದಿನಿಂದ ಕಲಿತವರು ನಾವು. ಇಲ್ಲಿ ಎಡಗೈ ಹಾಗಿರಲಿ, ಹೊರಗೆ ಚಪ್ಪಲಿ ಕಾಯುತ್ತಿದ್ದ ನಾಯಿಗೂ ಗೊತ್ತಾಯಿತು. ಸೌಂಡ್ ಕಮ್ಮಿ ಮಾಡಿ ನೋಡಿದೆ. ಆಗ ದುಡ್ಡು ಹೋಯಿತೋ ಇಲ್ಲವೋ ಅಂತ ಜನ ನನ್ನ ಹತ್ತಿರ ಬಂದು ಫೋನ್ ತೋರಿಸಲು ಶುರು ಮಾಡಿದರು. ಅದು ಇನ್ನೂ ಕಷ್ಟ. ಕೊನೆಗೆ ಆಫ್ ಮಾಡಿ ಕಪಾಟಿನಲ್ಲಿಟ್ಟೆ.

ಇನ್ನು ಟ್ಯಾಗು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ತಪ್ಪುಗಳನ್ನೆಲ್ಲ ನಾನೇ ಮಾಡಿ ಮುಗಿಸಿದ್ದೇನೆ.

ನೋಡಲು ಎಂಟಾಣೆಗಿಂತ ಚೂರು ದೊಡ್ಡ ಸ್ಟಿಕ್ಕರ್. ಒಳಗೆ ತಾಮ್ರ ಬಣ್ಣದ ಸುರುಳಿ, ಮಧ್ಯದಲ್ಲಿ ಸಾಸಿವೆಯಷ್ಟು ಚಿಪ್. ಬ್ಯಾಟರಿ ಇಲ್ಲ. ಫೋನಿನಿಂದ ಬರುವ ಶಕ್ತಿಯಲ್ಲೇ ಎದ್ದು, ತನ್ನಲ್ಲಿ ಬರೆದಿಟ್ಟ ಒಂದು ಸಾಲು ಹೇಳಿ ಮಲಗುತ್ತದೆ. ಎರಡು ಮೂರು ಸೆಂಟಿಮೀಟರ್ ಹತ್ತಿರ ಹಿಡಿಯಬೇಕು. ನಾನು ತರಿಸಿದ್ದು ಎನ್‌ಟ್ಯಾಗ್ 213 ಅನ್ನುವ ಜಾತಿ. ಒಂದಕ್ಕೆ 25 ರೂಪಾಯಿ ಬಿತ್ತು, 60 ತರಿಸಿದೆ. 24 ಬೆಂಚು, ಬೆಂಚಿಗೆ ಎರಡು, ಉಳಿದದ್ದು ಕೆಟ್ಟರೆ ಇರಲಿ ಅಂತ. ಬರೆಯುವುದಕ್ಕೆ ಬೇರೆ ಮಿಷಿನ್ ಬೇಡ, ಎನ್‌ಎಫ್‌ಸಿ ಇರುವ ಫೋನೂ ಒಂದು ಉಚಿತ ಆ್ಯಪೂ ಸಾಕು.

ಮೊದಲ ತಪ್ಪು: "ಸ್ವಾಗತ, ನಿಮ್ಮ ಕಾಣಿಕೆಗಾಗಿ..." ಅಂತ ಶುರುವಾಗುವ ಎರಡು ಸಾಲನ್ನು ಕನ್ನಡದಲ್ಲೇ ಟ್ಯಾಗಿನಲ್ಲಿ ಬರೆಯಹೊರಟೆ. ಜಾಗ ಸಾಲದು ಅಂತು. ಈ ಟ್ಯಾಗಿನಲ್ಲಿ ಇರುವುದೇ 144 ಬೈಟ್. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಆದರೆ ಕನ್ನಡದ್ದಕ್ಕೆ ಮೂರು. ಒತ್ತಕ್ಷರ ಬಂದರೆ ಅದಕ್ಕೆ ಇನ್ನೂ ಆರು. "ಸ್ವಾ" ಬರೆಯುವ ಹೊತ್ತಿಗೇ 12 ಖರ್ಚು! ಬ್ಯಾಂಕಿನಲ್ಲಿ ಕನ್ನಡದಲ್ಲಿ ಸಹಿ ಮಾಡಿದ್ದಕ್ಕೆ ಮುಖ ಸಿಂಡರಿಸಿದ ಆಫೀಸರುಗಳನ್ನು ನೋಡಿದ್ದೇನೆ, ಈಗ ಸ್ಟಿಕ್ಕರ್ರೂ. ಇರಲಿ. ಟ್ಯಾಗಿನಲ್ಲಿ ಚಿಕ್ಕದೊಂದು ವೆಬ್ ವಿಳಾಸ ಇರಲಿ, ಕನ್ನಡವೆಲ್ಲ ಪುಟದಲ್ಲಿರಲಿ.

ಎರಡನೆಯದು: ಪುಟದ ಗೊಡವೆಯೇ ಬೇಡ ಅಂತ ನೇರವಾಗಿ ಯುಪಿಐ ಲಿಂಕನ್ನೇ ಬರೆದು ನೋಡಿದೆ. ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಫೋನ್‌ಪೇ ಬೇಕಾ, ಗೂಗಲ್ ಪೇ ಬೇಕಾ ಅಂತ ಕೇಳಿತು, ಸಂತೋಷಪಟ್ಟೆ. ಅಯ್ಯನವರ ಮಗಳ ಐಫೋನ್ ಹಿಡಿದರೆ ಕಮಕ್ ಕಿಮಕ್ ಅನ್ನಲಿಲ್ಲ. ಐಫೋನ್ ತನ್ನಷ್ಟಕ್ಕೆ ಓದುವುದು ಸಾಮಾನ್ಯ ವೆಬ್ ವಿಳಾಸ, ಫೋನ್ ನಂಬರ್, ಇಂಥ ಕೆಲವನ್ನು ಮಾತ್ರ. ಅದೂ 2018ರಲ್ಲಿ ಬಂದ ಎಕ್ಸ್‌ಎಸ್, ಎಕ್ಸ್‌ಆರ್ ಮತ್ತು ಅವುಗಳ ನಂತರದವು. ಹಾಗಾಗಿ ಮತ್ತೆ ವೆಬ್ ಪುಟಕ್ಕೇ ಬಂದೆ.

ಮೂರನೆಯದು ನೆನೆಸಿಕೊಂಡರೆ ಈಗಲೂ ನಗು. ನಮ್ಮವು ಮಿಷನರಿಗಳ ಕಾಲದ ತೇಗದ ಬೆಂಚುಗಳು. ಕೆಲವಕ್ಕೆ ಬೆನ್ನಿನಲ್ಲಿ ಹಿತ್ತಾಳೆಯ ಪುಟ್ಟ ತಗಡು, "ಇಂಥವರ ನೆನಪಿಗಾಗಿ" ಅಂತ. ತೇಗಕ್ಕೆ ಗೋಂದು ಮೆತ್ತುವುದು ಯಾಕೆ, ತಗಡಿನ ಕೆಳಗಂಚಿನಲ್ಲೇ ಅಂಟಿಸಿದರೆ ಚೆನ್ನಾಗಿ ಕಾಣುತ್ತದೆ ಅಂತ ಅಂಟಿಸಿದೆ. ಒಂದೂ ಓದಲಿಲ್ಲ. ಅಂಗಡಿಯವನ ಮೇಲೆ ಕೂಗಾಡಲು ಫೋನ್ ಎತ್ತಿದ್ದೆ, ಅಷ್ಟರಲ್ಲಿ ಯೂತ್‌ನ ಹುಡುಗ ಒಬ್ಬ ಬಂದು, "ಆಂಟಿ, ಲೋಹದ ಮೇಲೆ ಇದು ಸಾಯುತ್ತೆ" ಅಂದ. ಲೋಹಕ್ಕೆ ಬೇರೆಯೇ ಟ್ಯಾಗು, ಹಿಂದೆ ಕಪ್ಪು ಫೆರೈಟ್ ಪದರ ಇರುವುದು, ಬೆಲೆಯೂ ಜಾಸ್ತಿ. ಸತ್ತವರ ನೆನಪನ್ನು ಸತ್ತವರಿಗೇ ಬಿಟ್ಟು ಸ್ಟಿಕ್ಕರನ್ನು ಮರಕ್ಕೆ ಹಾಕಿದೆ. ಮರದ ಮೇಲಿನ ವ್ಯಾಕ್ಸ್ ಪಾಲಿಶಿಗೆ ಅದು ಸರಿಯಾಗಿ ಕೂರಲಿಲ್ಲ. ಜುಲೈ ಮಳೆಗೆ ಒಂದೊಂದೇ ಸುರುಳಿ ಎದ್ದು, ಕೂತವರ ಸೀರೆಗೆ ಅಂಟಿಕೊಂಡು ಮನೆಗೆ ಹೋಯಿತು. ಒಬ್ಬರ ಮನೆಯ ಸೋಫಾದಲ್ಲಿ ನಮ್ಮ ಸಭೆಯ ಪುಟ ತೆರೆಯಿತಂತೆ.

ಕೊನೆಗೆ ಬಡಗಿಯವರನ್ನು ಕರೆಸಿದೆ. ಅವರ ಅಪ್ಪ ಇದೇ ಬೆಂಚುಗಳ ಕಾಲು ರಿಪೇರಿ ಮಾಡಿದ್ದವರು. ಬೆಂಚಿನ ಬೆನ್ನು ಸವರಿ ನೋಡಿ, "ಇದಕ್ಕೆ ಡ್ರಿಲ್ ಹಾಕ್ಬೇಡಿ ಅಮ್ಮಾ, ಹಾಡಿನ ಪುಸ್ತಕ ಇಡೋ ಪಟ್ಟಿ ಐತಲ್ಲ, ಅದು ಆಮೇಲೆ ಹೊಡ್ದಿದ್ದು, ಅದಕ್ಕೆ ಹಾಕಣ" ಅಂದರು. ಅಕ್ರಿಲಿಕ್‌ನ ಗುಂಡು ಬಿಲ್ಲೆ ಮಾಡಿಸಿದೆವು. ಒಳಗೆ ಟ್ಯಾಗು, ಮೇಲೆ ಮುದ್ರಿಸಿದ ಕ್ಯೂಆರ್, ಎರಡು ಸಣ್ಣ ಸ್ಕ್ರೂ. ಒಂದು ಬಿಲ್ಲೆಗೆ ಎಲ್ಲ ಸೇರಿ 70 ರೂಪಾಯಿ. ಆಮೇಲೆ ಒಂದೂ ಕಿತ್ತಿಲ್ಲ. ನೀವು ಮೊದಲೇ ಹೀಗೇ ಮಾಡಿಸಿಬಿಡಿ.

ಬಿಲ್ಲೆಯ ಮೇಲೆ ಕ್ಯೂಆರ್ ಇರಲೇಬೇಕು. ಕಮ್ಮಿ ಬೆಲೆಯ ಬಹಳಷ್ಟು ಫೋನುಗಳಲ್ಲಿ ಎನ್‌ಎಫ್‌ಸಿ ಇರುವುದೇ ಇಲ್ಲ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಸಂಡೇ ಸ್ಕೂಲ್ ಮಕ್ಕಳಿಗೆ ಎಲ್ಲರ ಫೋನಿನ ಸೆಟ್ಟಿಂಗ್ ನೋಡಿ ಬನ್ನಿ ಅಂದೆ. ಮೂರಕ್ಕೆ ಒಂದರಲ್ಲೂ ಇರಲಿಲ್ಲ. ಇದ್ದವರಲ್ಲೂ ಅರ್ಧ ಜನ ಅದನ್ನು ಆಫ್ ಮಾಡಿದ್ದರು. ಮಾರುವವರ ವಿಡಿಯೋದಲ್ಲಿ ಇಡೀ ಸಭೆ ನಗುನಗುತ್ತಾ ಫೋನ್ ತಟ್ಟುತ್ತಿರುತ್ತದೆ. ನಮ್ಮಲ್ಲಿ ಹಾಗೆ ಆಗುವುದಕ್ಕೆ ಇನ್ನೂ ಎರಡು ಸಲ ಎಲ್ಲರೂ ಫೋನ್ ಬದಲಾಯಿಸಬೇಕು.

ಬರಹದ ವಿಚಾರದಲ್ಲೂ ಪಾಠ ಕಲಿತೆ. ಮೊದಲ ಬಿಲ್ಲೆಗಳ ಮೇಲೆ "ಇಲ್ಲಿ ತಟ್ಟಿ" ಅಂತ ಇತ್ತು. ನಮ್ಮ ಹಿರಿಯರೊಬ್ಬರು ಬಾಗಿಲು ಬಡಿದ ಹಾಗೆ ಬೆರಳಿನಿಂದ ತಟ್ಟಿದರು. ಏನೂ ಆಗಲಿಲ್ಲ ಅಂತ ಇನ್ನೂ ಜೋರಾಗಿ ತಟ್ಟಿದರು. ಮುಂದಿನ ಬೆಂಚಿನವರು ತಿರುಗಿ "ಏನು ಮಾವ?" ಅಂದರು. ಈಗ ಬರೆಸಿರುವುದು: "ಫೋನಿನ ಬೆನ್ನು ಇಲ್ಲಿ ಒಂದು ಕ್ಷಣ ಇಡಿ." ಐಫೋನ್ ಆದರೆ ಮೇಲಿನ ತುದಿ, ಆಂಡ್ರಾಯ್ಡ್ ಆದರೆ ಹೆಚ್ಚಾಗಿ ಬೆನ್ನಿನ ನಡುಭಾಗ. ಕವರಿನಲ್ಲಿ ಉಂಗುರವೋ ಅಯಸ್ಕಾಂತವೋ ಇದ್ದರೆ ಕೆಲವು ಸಲ ಓದುವುದಿಲ್ಲ.

ಈಗ ಬೀಗದ ವಿಚಾರ. ಬರೆದ ಟ್ಯಾಗಿಗೆ ಬೀಗ ಹಾಕದಿದ್ದರೆ ಯಾರು ಬೇಕಾದರೂ ಫೋನ್ ಹಿಡಿದು ಅದರಲ್ಲಿ ಬೇರೆ ಏನಾದರೂ ಬರೆಯಬಹುದು. ನನಗೆ ಗೊತ್ತಿರಲಿಲ್ಲ. ಐಪಿಎಲ್ ನಡೆಯುತ್ತಿದ್ದ ಒಂದು ಭಾನುವಾರ ಏಳನೇ ಬೆಂಚಿನ ಬಿಲ್ಲೆಗೆ ಫೋನ್ ಹಿಡಿದರೆ ಕ್ರಿಕೆಟ್ ಸ್ಕೋರ್ ಬರುತ್ತಿತ್ತು. ಪ್ರಸಂಗದ ಹೊತ್ತಿನಲ್ಲಿ ಆ ಬೆಂಚಿನಲ್ಲಿ ಯಾಕೆ ಇಷ್ಟು ಜನ ಅಂತ ನಾನು ಯೋಚಿಸುತ್ತಿದ್ದೆ. ಲೋಹದ ಗುಟ್ಟು ಹೇಳಿಕೊಟ್ಟ ಹುಡುಗನದೇ ಕೆಲಸ ಅಂತ ಆಮೇಲೆ ಗೊತ್ತಾಯಿತು. ಅವನು ಸ್ಕೋರ್ ಹಾಕಿದ್ದ, ಕಳ್ಳನಾಗಿದ್ದರೆ ತನ್ನ ಖಾತೆ ಹಾಕುತ್ತಿದ್ದ. ಆವತ್ತೇ ಎಲ್ಲಕ್ಕೂ ಬೀಗ ಹಾಕಿಸಿದೆ, ಅವನ ಕೈಯಲ್ಲೇ. ಕ್ಯೂಆರ್ ಮೇಲೆ ಬೇರೆ ಕ್ಯೂಆರ್ ಅಂಟಿಸುವ ಮೋಸವೂ ಇದೆಯಲ್ಲ, ಅದಕ್ಕೆ ಪ್ರತಿ ಶನಿವಾರ ಗುಡಿಸಲು ಬರುವವರು ಬಿಲ್ಲೆಗಳನ್ನು ಉಗುರಿನಿಂದ ಕೆರೆದು ನೋಡುತ್ತಾರೆ. ನಾನು ಒಂದು ರೂಪಾಯಿ ಕಳಿಸಿ ಹೆಸರು ನೋಡುತ್ತೇನೆ.

ಬೀಗ ಹಾಕುವ ಮೊದಲು ವಿಳಾಸ ಯಾರದು ಅಂತ ನೋಡಿಕೊಳ್ಳಿ. ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಇಲ್ಲೇ. "ಸಭೆಯ ಪುಟ" ಮಾಡಿಕೊಡುವ ಒಂದು ಸಂಸ್ಥೆಗೆ ತಿಂಗಳಿಗೆ 1,499 ರೂಪಾಯಿ ಕಟ್ಟುತ್ತಿದ್ದೆವು. ಟ್ಯಾಗಿನಲ್ಲಿ ಬರೆದಿದ್ದ ವಿಳಾಸ ಅವರದು. ಆರು ತಿಂಗಳಾದ ಮೇಲೆ ದರ ಏರಿಸಿದರು. ಬೇಡ ಅಂದೆವು. ಮುಂದಿನ ಭಾನುವಾರ 48 ಬಿಲ್ಲೆಗಳಿಗೂ ಫೋನ್ ಹಿಡಿದರೆ "ಚಂದಾ ಮುಗಿದಿದೆ, ನವೀಕರಿಸಿ" ಅಂತ ಬರುತ್ತಿತ್ತು, ಸಭೆಯ ಹೆಸರಿನ ಕೆಳಗೇ. ಬಾಕಿ ಇಟ್ಟುಕೊಂಡವರ ಮನೆ ಬಾಗಿಲಿಗೆ ನೋಟೀಸ್ ಅಂಟಿಸಿದ ಹಾಗೆ. ಬೀಗ ಹಾಕಿದ ಟ್ಯಾಗನ್ನು ಮತ್ತೆ ಬರೆಯಲು ಬರುವುದಿಲ್ಲ. ಎಲ್ಲ ಬಿಚ್ಚಿ, ಹೊಸ ಟ್ಯಾಗು ತರಿಸಿ ಹಾಕಿದೆವು. ಈಗ ಸಭೆಯದೇ ಸ್ವಂತ ವೆಬ್ ವಿಳಾಸ ಇದೆ, ವರ್ಷಕ್ಕೆ ಸಾವಿರದೊಳಗೆ. ಪುಟವನ್ನು ಅದೇ ಕ್ರಿಕೆಟ್ ಹುಡುಗ ಮಾಡಿಕೊಟ್ಟಿದ್ದಾನೆ. ಆ ಸಂಸ್ಥೆಯವರ ಸರ್ವರಿನಲ್ಲಿ ನಮ್ಮ ಜನರ ಪ್ರಾರ್ಥನೆ ಬೇಡಿಕೆಗಳೂ ಇದ್ದವು. ಅಳಿಸಿ ಅಂತ ಮೂರು ಸಲ ಬರೆದ ಮೇಲೆ ಅಳಿಸಿದ್ದೇವೆ ಅಂದರು. ನಂಬಿದ್ದೇನೆ, ಇನ್ನೇನು ಮಾಡುವುದು.

ಪ್ರಾರ್ಥನೆ ಬೇಡಿಕೆ ಅಂದೆ. ಪುಟದಲ್ಲಿ ನಾಲ್ಕು ಗುಂಡಿ ಇವೆ: ಇವತ್ತಿನ ಹಾಡುಗಳು, ಪ್ರಾರ್ಥನೆ ಬೇಡಿಕೆ, ಪ್ರಕಟಣೆ, ಕಾಣಿಕೆ. ಸಂಸ್ಥೆಯವರು ಕಾಣಿಕೆ ಗುಂಡಿಯನ್ನು ಮೇಲೆ ಇಟ್ಟಿದ್ದರು, ದೊಡ್ಡದಾಗಿ, ಕೇಸರಿ ಬಣ್ಣದಲ್ಲಿ. ಅಯ್ಯನವರು ಅದನ್ನು ಕೆಳಗೆ ಹಾಕಿಸಿದರು. ಅವರು ಮಾಡಿದ್ದು ಸರಿ. ಜನ ಹೆಚ್ಚು ಒತ್ತುವುದು ಹಾಡುಗಳನ್ನು. ನಮ್ಮ ಕೀರ್ತನೆ ಪುಸ್ತಕದ ಅಕ್ಷರ ಸಣ್ಣದು, ಅರವತ್ತು ದಾಟಿದವರಿಗೆ ಕಾಣುವುದಿಲ್ಲ. ಫೋನಿನಲ್ಲಿ ಎರಡು ಬೆರಳಿನಿಂದ ಎಳೆದು ದೊಡ್ಡದು ಮಾಡಿಕೊಂಡು ಹಾಡುತ್ತಾರೆ. ಇಷ್ಟು ವರ್ಷ ಬಾಯಿ ಮಾತ್ರ ಆಡಿಸುತ್ತಿದ್ದ ಒಬ್ಬ ಅಜ್ಜಿ ಮೂರನೇ ಚರಣವನ್ನು ಗಟ್ಟಿಯಾಗಿ ಹಾಡಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ ಹುಬ್ಬು ಹಾರಿಸಿದರು. ಆ ಒಂದಕ್ಕೇ 25 ರೂಪಾಯಿ ವಸೂಲು ಅಂತ ನನ್ನ ಲೆಕ್ಕ.

ಬೇಡಿಕೆಗಳು ಸೋಮವಾರ ಬೆಳಿಗ್ಗೆ ಅಯ್ಯನವರಿಗೆ ಮಾತ್ರ ಹೋಗುತ್ತವೆ. ಹೆಸರು ಹಾಕಬೇಕೆಂದಿಲ್ಲ. ಅವರು ಏನಿದೆ ಅಂತ ನನಗೆ ಹೇಳುವುದಿಲ್ಲ, ನಾನು ಕೇಳುವುದಿಲ್ಲ. ಆದರೆ ಅವರು ಮನೆ ಭೇಟಿಗೆ ಹೋಗುವ ದಾರಿ ಬದಲಾಗಿದೆ. ಮೊದಲೆಲ್ಲ ಪೇಟೆಯ ನಾಲ್ಕು ದೊಡ್ಡ ಮನೆಗಳಿಗೆ ಜಾಸ್ತಿ ಹೋಗುತ್ತಿದ್ದರು, ಈಗ ತೋಟದ ಆಳುಗಳ ಲೈನ್ ಮನೆಗಳ ಕಡೆ ಅವರ ಬೈಕ್ ನಿಂತಿರುವುದು ಕಾಣುತ್ತದೆ.

ಕಾಣಿಕೆ ಜಾಸ್ತಿ ಆಯಿತಾ ಅಂತ ಎಲ್ಲರೂ ಕೇಳುವ ಪ್ರಶ್ನೆ. ಆಯಿತು, ಸ್ವಲ್ಪ. ಚೀಲದ್ದು ಕಮ್ಮಿಯಾಗಿದೆ, ಬ್ಯಾಂಕಿಗೆ ಬರುವುದು ಜಾಸ್ತಿಯಾಗಿದೆ, ಎರಡೂ ಸೇರಿಸಿದರೆ ಮೊದಲಿಗಿಂತ ಮೇಲೆ. ಹೆಚ್ಚಾದದ್ದು ಭಾನುವಾರದ್ದಲ್ಲ. ಹುಟ್ಟುಹಬ್ಬ, ಮದುವೆಯ ದಿನ, ಆಸ್ಪತ್ರೆಯಿಂದ ಮನೆಗೆ ಬಂದ ದಿನ, ಇಂಥ ಸ್ತೋತ್ರ ಕಾಣಿಕೆಗಳು ವಾರದ ನಡುವೆ ಬರುತ್ತವೆ. ಸಂಬಳವಾದ ರಾತ್ರಿ ದಶಮಾಂಶ (ಹತ್ತರಲ್ಲಿ ಒಂದು ಪಾಲು) ಕಳಿಸುವ ಇಬ್ಬರು ಹುಡುಗಿಯರಿದ್ದಾರೆ. ಇದರಲ್ಲಿ ಬೆಂಚಿನ ಟ್ಯಾಗಿನ ಪಾಲು ಎಷ್ಟು? ಬಹಳ ಅಲ್ಲ. ಚೀಲ ಸಾಲಿಗೆ ಬಂದಾಗ ಫೋನ್ ತೆಗೆದು, ಪುಟ ತೆರೆದು, ಆ್ಯಪ್ ಆರಿಸಿ, ಪಿನ್ ಒತ್ತುವ ಹೊತ್ತಿಗೆ ಚೀಲ ಮೂರು ಬೆಂಚು ಮುಂದೆ ಹೋಗಿರುತ್ತದೆ. ಯುಪಿಐ ಲೈಟ್ (ಸಣ್ಣ ಪಾವತಿಗೆ ಮೊದಲೇ ಸ್ವಲ್ಪ ದುಡ್ಡು ತುಂಬಿಡುವ ವ್ಯವಸ್ಥೆ) ಇಟ್ಟುಕೊಂಡವರಿಗೆ ಸಾವಿರದವರೆಗೆ ಪಿನ್ ಬೇಡ, ಅವರಿಗೆ ಸುಲಭ. ಗೋಡೆ ಎರಡಡಿ ದಪ್ಪ, ಒಳಗೆ ನೆಟ್‌ವರ್ಕ್ ಒಂದು ಕಡ್ಡಿ. ಒಬ್ಬರಿಗೆ "ಪೆಂಡಿಂಗ್" ಅಂತ ಬಂತು ಅಂತ ಇನ್ನೊಂದು ಸಲ ಕಳಿಸಿದರು, ಎರಡೂ ಬಂತು. ವೋಚರ್ ಬರೆದು ಸಾವಿರ ವಾಪಸ್ ಕೊಟ್ಟೆ. "ಇರಲಿ ಬಿಡಮ್ಮಾ" ಅಂದರು, ಆದರೆ ಕೈ ಚಾಚಿದ್ದರು.

ಹೊರದೇಶದವರ ವಿಚಾರದಲ್ಲಿ ಎಚ್ಚರ. ದುಬೈಯಲ್ಲಿರುವ ನಮ್ಮ ಹುಡುಗ ಭಾರತದ ಪಾಸ್‌ಪೋರ್ಟಿನವನು, ತನ್ನ ಇಲ್ಲಿನ ಖಾತೆಯಿಂದ ಕಳಿಸಿದರೆ ತೊಂದರೆ ಇಲ್ಲ. ಅಮೆರಿಕದ ಪೌರತ್ವ ತಗೊಂಡವರು ಕೊಟ್ಟರೆ ಅದು ವಿದೇಶಿ ದೇಣಿಗೆ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಅಷ್ಟೇ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆಯ) ನೋಂದಣಿ ಬೇಕು, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಯ ಮೂಲಕವೇ ಬರಬೇಕು. ಕ್ಯೂಆರ್ ಅನ್ನು ವಾಟ್ಸಾಪಿನಲ್ಲಿ ಊರೂರಿಗೆ ಕಳಿಸುವಾಗ ಇದು ಯಾರಿಗೂ ನೆನಪಿರುವುದಿಲ್ಲ. ನಮ್ಮ ಪುಟದಲ್ಲಿ ಕಾಣಿಕೆ ಗುಂಡಿಯ ಮೇಲೆಯೇ ಒಂದು ಸಾಲು ಬರೆಸಿದ್ದೇನೆ.

ಒಂದು ಸಂಗತಿ ಮಾತ್ರ ನನಗೆ ಈಗಲೂ ಸರಿ ಹೋಗಿಲ್ಲ. ಚೀಲದ ಒಳಗೆ ಕತ್ತಲು. ಎಣಿಸುವಾಗ ಯಾವ ನೋಟು ಯಾರದು ಅಂತ ನನಗೆ ಗೊತ್ತಿರುತ್ತಿರಲಿಲ್ಲ, ಗೊತ್ತಾಗುವುದು ಬೇಕೂ ಇರಲಿಲ್ಲ. ಯುಪಿಐಯಲ್ಲಿ ಕತ್ತಲು ಇಲ್ಲ. ಸ್ಟೇಟ್‌ಮೆಂಟ್ ತೆಗೆದರೆ ಹೆಸರಿನ ಎದುರಿಗೆ ಮೊತ್ತ, ದಿನಾಂಕ, ನಿಮಿಷ. ಸಭೆಯಲ್ಲಿ ಗಟ್ಟಿಯಾಗಿ ಪ್ರಾರ್ಥನೆ ಮಾಡುವವರು ಎಷ್ಟು ಕೊಡುತ್ತಾರೆ, ಬಾಗಿಲ ಬಳಿ ಕೂತು ಸದ್ದಿಲ್ಲದೆ ಎದ್ದು ಹೋಗುವವರು ಎಷ್ಟು ಕೊಡುತ್ತಾರೆ, ಎಲ್ಲ ಗೊತ್ತು. ಡಬ್ಬಿ ಊರಿಗೆ ಹೇಳುತ್ತಿತ್ತು, ಸ್ಟೇಟ್‌ಮೆಂಟ್ ನನ್ನೊಬ್ಬಳಿಗೆ ಹೇಳುತ್ತದೆ, ಅಷ್ಟೇ ವ್ಯತ್ಯಾಸ. ಸಮಿತಿಯ ಒಬ್ಬರು ಚುನಾವಣೆಗೆ ಮುಂಚೆ ಬಂದು, "ಯಾರ್ಯಾರು ಎಷ್ಟು ಅಂತ ಒಂದು ಪಟ್ಟಿ ಕೊಡಿ ಅಮ್ಮಾ, ಸುಮ್ನೆ ನೋಡೋಕೆ" ಅಂದರು. ಬ್ಯಾಂಕಿನಲ್ಲಿ 31 ವರ್ಷ ಒಬ್ಬರ ಬ್ಯಾಲೆನ್ಸ್ ಇನ್ನೊಬ್ಬರಿಗೆ ಹೇಳಿದವಳಲ್ಲ ನಾನು. ಕೊಡಲಿಲ್ಲ. ಅವರು ಈಗಲೂ ಮಾತಾಡಿಸುವುದು ಸ್ವಲ್ಪ ಕಮ್ಮಿ. ಆಮೇಲೆ ಠರಾವು ಮಾಡಿಸಿದೆ: ಸಮಿತಿಗೆ ಒಟ್ಟು ಮೊತ್ತ ಮಾತ್ರ, ಹೆಸರುಗಳು ಖಜಾಂಚಿ ಮತ್ತು ಲೆಕ್ಕ ಪರಿಶೋಧಕರಿಗೆ. ನೀವು ಕ್ಯೂಆರ್ ಹಾಕಿಸುವ ದಿನವೇ ಇದನ್ನೂ ಮಾಡಿಸಿ.

ಅದಕ್ಕೇ ಚೀಲ ನಿಲ್ಲಿಸಿಲ್ಲ. ಯೂತ್‌ನವರು ಇನ್ನು ಚೀಲ ಯಾಕೆ ಅಂದರು. ಪಿಂಚಣಿ ದುಡ್ಡನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬರುವವರು ಇನ್ನೂ ಇದ್ದಾರೆ. ಆಟೋದವರೂ ಈಗ ಚೀಲಕ್ಕೇ ಹಾಕುತ್ತಾರೆ. ಫೋನಿನಲ್ಲಿ ಕಳಿಸಿದವರು ಚೀಲ ಬಂದಾಗ ಏನು ಮಾಡಬೇಕು ಅನ್ನುವ ಮುಜುಗರ ಇತ್ತು. ಅದಕ್ಕೆ ಬೆಂಚಿನ ಪಟ್ಟಿಯಲ್ಲಿ ಸಣ್ಣ ಕಾರ್ಡು ಇಟ್ಟಿದ್ದೇವೆ, "ಕಾಣಿಕೆ ಕಳಿಸಿದ್ದೇನೆ" ಅಂತ. ಅದನ್ನು ಹಾಕಿದರೆ ಆಯಿತು. ಖಾಲಿ ಮುಷ್ಟಿಗಳು ಕಮ್ಮಿಯಾಗಿವೆ. ಕಳಿಸದೆಯೂ ಕಾರ್ಡು ಹಾಕುವವರು ಇದ್ದೇ ಇರುತ್ತಾರೆ, ಲೆಕ್ಕ ತಾಳೆ ನೋಡಿದರೆ ಗೊತ್ತಾಗುತ್ತದೆ. ನಾನು ನೋಡುವುದಿಲ್ಲ.

ದುಡ್ಡಿಗೆ ತಕ್ಕ ವಸ್ತುವಾ ಅಂದರೆ, ಬಿಲ್ಲೆಗೆ ಹೂಂ, ಚಂದಾ ಪುಟಕ್ಕೆ ಊಹೂಂ. ಡಬ್ಬಿಯನ್ನು ವಾಪಸ್ ಕೊಡಲು ಹೊರಟಿದ್ದೆ, ಅಷ್ಟರಲ್ಲಿ ಬೆಳೆ ಹಬ್ಬ ಬಂತು.

ನಮ್ಮ ಬೆಳೆ ಹಬ್ಬದ ಹರಾಜು ನೋಡಿದವರಿಗೆ ಗೊತ್ತು. ಬಾಳೆಗೊನೆ, ಕುಂಬಳಕಾಯಿ, ಒಂದು ಸೇರು ಮೆಣಸು, ಕಾಫಿ ಬೀಜ, ಸ್ತ್ರೀ ಸಂಘದವರ ಕೇಕು, ಎಲ್ಲವನ್ನೂ ಚರ್ಚಿನ ಅಂಗಳದಲ್ಲಿ ಕೂಗುತ್ತಾರೆ. ನೂರು ರೂಪಾಯಿಯ ಗೊನೆ ಎರಡು ಸಾವಿರಕ್ಕೆ ಹೋಗುತ್ತದೆ. ದುಡ್ಡು ಮಾತ್ರ "ನಾಳೆ ಕೊಡ್ತೀನಿ". ನನ್ನ ಹತ್ತಿರ ಹಳೆಯ ನಾಳೆಗಳದ್ದೇ ಒಂದು ನೋಟ್‌ಬುಕ್ ಇದೆ. ಈ ಸಲ ಮೇಜಿನ ಮೇಲೆ ಕ್ಯೂಆರ್, ಪಕ್ಕದಲ್ಲಿ ಡಬ್ಬಿ, ಪೂರ್ತಿ ಸೌಂಡು. ಡಬ್ಬಿ ಮೊತ್ತ ಕೂಗಿದ ಮೇಲೆಯೇ ಸಾಮಾನು ಕೈಗೆ. ಪ್ರತಿ ಸಲ ಕೂಗಿದಾಗ ಮಕ್ಕಳು ಹೋ ಅಂತಿದ್ದರು. ಸಂಜೆಗೆ ನನ್ನ ನೋಟ್‌ಬುಕ್ಕಿನಲ್ಲಿ ಹೊಸ ಬಾಕಿ ಒಂದೂ ಇರಲಿಲ್ಲ.

ಕೊನೆಗೆ ಒಂದು ನಾಟಿ ಹುಂಜ ಬಂತು. ಆಟೋದವರು ಹಿಂದಿನಿಂದ ಕೂಗಿದರು, ಏರಿಸುತ್ತಾ ಹೋದರು. ಸ್ಕ್ಯಾನ್ ಮಾಡಿದರು. "ಒಂಬೈನೂರ ಐವತ್ತು ರೂಪಾಯಿ ಸ್ವೀಕರಿಸಲಾಗಿದೆ" ಅಂತು ಡಬ್ಬಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಅಭ್ಯಾಸಬಲದಿಂದ ಸೌಂಡ್ ಕಮ್ಮಿ ಮಾಡಲು ಕೈ ಹಾಕಿದೆ.

"ಈಗ ಕೂಗ್ಲಿ ಬಿಡಿ ಅಮ್ಮಾ" ಅಂದರು, ಹುಂಜದ ಎರಡೂ ಕಾಲು ಹಿಡಿದುಕೊಂಡು.